ಎರಡನೇ ಸುರುಳಿಯ ಶಬ್ದ

ಡಬ್ಬಿಯ ಮುಚ್ಚಳ ತೆಗೆದ ನೀಲ್ ಹಾರ್ಟ್ಲಿಗೆ ಕಂಡದ್ದು ಬರೀ ತಗಡಿನ ತಳ.

ಬೇರೆ ಡಬ್ಬಿ ತೆಗೆದೆನೇನೋ ಎಂದು ಮುಚ್ಚಳವನ್ನು ತಿರುಗಿಸಿ ನೋಡಿದ. ತನ್ನದೇ ಕೈಬರಹ: ‘ಎರಡನೇ ಸುರುಳಿ — ಶಬ್ದ’. ಡಬ್ಬಿ ಅದೇ. ಒಳಗಿದ್ದ ಟೇಪು ಮಾತ್ರ ಇಲ್ಲ.

ಪಕ್ಕದ ಡಬ್ಬಿ ತೆಗೆದ. ‘ಎರಡನೇ ಸುರುಳಿ — ಚಿತ್ರ’. ಫಿಲ್ಮು ಸುತ್ತಿಟ್ಟ ಹಾಗೇ ಇದೆ. ಒಂದನೆಯದು, ಮೂರನೆಯದು — ಚಿತ್ರವೂ ಇದೆ, ಶಬ್ದವೂ ಇದೆ. ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಕಪಾಟಿನ ಹಿಂದೆ ಹುಡುಕಿದ. ಎಲ್ಲೂ ಇಲ್ಲ.

ಶನಿವಾರ ಮಧ್ಯಾಹ್ನ ಸಿನಿಮಾ ತೋರಿಸಬೇಕು. ಲಂಡನ್ನಿನಿಂದ ಟೆಲಿವಿಷನ್ನಿನವನು ವಿಮಾನ ಹತ್ತಿ ಬರುತ್ತಿದ್ದಾನೆ. ಇವತ್ತು ಗುರುವಾರ.

ನೀಲ್ ಲೀಡ್ಸ್ ಊರಿನವನು. ಬೆಲ್‌ಫಾಸ್ಟಿಗೆ ಬಂದು ಎರಡು ವರ್ಷವಾಗಿತ್ತು. ಅದರಲ್ಲಿ ಒಂದು ವರ್ಷ ಪೂರ್ತಿ ಪಂಕ್ ಹುಡುಗರ ಹಿಂದೆ ಕ್ಯಾಮೆರಾ ಹೊತ್ತು ಅಲೆದಿದ್ದ. ಹರಿದ ಕೋಟಿಗೆ ಪಿನ್ನು ಚುಚ್ಚಿಕೊಂಡು, ಕೂದಲಿಗೆ ಸಕ್ಕರೆ ನೀರು ಹಚ್ಚಿ ಮುಳ್ಳಿನಂತೆ ನಿಲ್ಲಿಸಿಕೊಂಡು, ಗಿಟಾರಿನಲ್ಲಿ ಮೂರು ಸ್ವರ ಹಿಡಿಯಲು ಕಲಿತ ಮರುದಿನವೇ ವೇದಿಕೆ ಹತ್ತುವ ಹುಡುಗರು. ಹಗಲಲ್ಲಿ ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡದ ಕ್ಯಾಥೊಲಿಕ್ ಮಕ್ಕಳೂ ಪ್ರಾಟೆಸ್ಟೆಂಟ್ ಮಕ್ಕಳೂ ಕ್ವಿಗ್ ಎಂಬಾತನ ಪಬ್ಬಿನ ಮಹಡಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಊರಲ್ಲಿ ಅಂಥ ಜಾಗ ಅದೊಂದೇ ಎಂದು ನೀಲ್ ನಂಬಿದ್ದ. ಅವನ ಸಿನಿಮಾ ಅದರ ಬಗ್ಗೆಯೇ.

ಎರಡನೇ ಸುರುಳಿ ಸಿನಿಮಾದ ಜೀವ. ‘ಹಿಂಜಸ್’ ತಂಡದ ಮಲಾಕಿ ಟೆಗರ್ಟ್ ಹಾಡಿದ ಹಾಡು ಅದರಲ್ಲಿತ್ತು. ಕೊರಳ ನರ ಉಬ್ಬಿಸಿ, ಕಣ್ಣು ಮುಚ್ಚಿ, ಇಡೀ ಊರನ್ನು ಬೈಯುತ್ತಲೇ ಊರಿಗಾಗಿ ಅಳುವಂತಿದ್ದ ಹಾಡು. ಅವನು ಮತ್ತೆಂದೂ ಹಾಗೆ ಹಾಡಿರಲಿಲ್ಲ. ಮೂಲ ಟೇಪು? ಹೊಸದು ಕೊಳ್ಳಲಾಗದೆ ನೀಲ್ ಅದರ ಮೇಲೇ ಬೇರೆ ರೆಕಾರ್ಡ್ ಮಾಡಿಕೊಂಡಿದ್ದ. ಇದ್ದದ್ದು ಈ ಒಂದೇ ಪ್ರತಿ.

ಪೊಲೀಸರಿಗೆ ಹೇಳುವುದೇ? ಬಾಂಬು, ಗಲಭೆಗಳ ನಡುವೆ ಆ ವಾರ ಆ ಊರಿನ ಪೊಲೀಸರಿಗೆ ಬೇರೆ ಕೆಲಸವಿತ್ತು. ನೀಲ್ ಮೆಟ್ಟಿಲಿಳಿದು ಕೆಳಗಿನ ವಿಮಾ ಕಚೇರಿಯ ಬಾಗಿಲು ತಟ್ಟಿದ.

ಅಲ್ಲಿದ್ದವರು ಮಿಸೆಸ್ ನೋರಾ ರೇನಿ. ಐವತ್ತು ದಾಟಿದ ಹೆಂಗಸು. ಬಾಂಬು ಸಿಡಿದು ಸುಟ್ಟ ಅಂಗಡಿಗಳ ಬೂದಿಯಲ್ಲಿ ನಿಂತು, ಇಲ್ಲಿ ನಿಜವಾಗಿ ಏನಿತ್ತು, ಏನು ಇರಲಿಲ್ಲ ಎಂದು ಪತ್ತೆ ಮಾಡುವುದು ಅವರ ಉದ್ಯೋಗ. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು. ನೀಲ್ ಆಗಾಗ ಅವರ ಬಳಿ ಟೀ ಕುಡಿಯಲು ಇಳಿಯುತ್ತಿದ್ದ.

ಮೇಲೆ ಬಂದ ನೋರಾ ಬಾಗಿಲಲ್ಲೇ ನಿಂತರು.

“ಏನು ಹೋಯ್ತು ಅಂತ ಆಮೇಲೆ ಹೇಳಪ್ಪಾ. ಏನು ಉಳಿದಿದೆ, ಅದನ್ನ ಮೊದಲು ತೋರಿಸು.”

“ಉಳಿದದ್ದೆಲ್ಲಾ ಉಳಿದಿದೆ, ಮಿಸೆಸ್ ರೇನಿ. ಎರಡನೇ ಸುರುಳಿ ಶಬ್ದ ಒಂದು ಬಿಟ್ಟು.”

“ಚಿತ್ರ ಬೇರೆ, ಶಬ್ದ ಬೇರೆ ಇರುತ್ತಾ?”

“ಬೇರೆ ಬೇರೆ. ಈ ಯಂತ್ರದಲ್ಲಿ ಎರಡನ್ನೂ ಜೋಡಿಸಿ ಓಡಿಸ್ತೀವಿ.”

“ಅದು ಗೊತ್ತಿರೋರು ಯಾರ‍್ಯಾರು?”

“ಮಂಗಳವಾರ ಇಲ್ಲಿ ಕೂತು ನೋಡಿದ ನಾಲ್ಕು ಜನ. ತಂಡದ ಮೂರು ಜನ, ಮತ್ತೆ ಕ್ವಿಗ್. ಡಬ್ಬಿ ಎಲ್ಲಾ ಅವರೆದುರಿಗೇ ತೆಗೆದದ್ದು.”

“ಬೀಗದ ಕೈ?”

ನೀಲ್ ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸಿ ತೆಗೆದು ತೋರಿಸಿದ. ನೋರಾ ನಿಟ್ಟುಸಿರಿಟ್ಟರು.

“ವಿಮೆ ಮಾಡಿಸಿದ್ರೆ ಒಂದು ಕಾಸೂ ಬರ‍್ತಿರಲಿಲ್ಲ ನಿನಗೆ. ಸರಿ, ಡಬ್ಬಿ ಮುಚ್ಚಳ ಹೇಗಿತ್ತು — ತೆರೆದಿತ್ತಾ?”

“ಇಲ್ಲ. ಮುಚ್ಚಿ, ಅಂಟುಪಟ್ಟಿ ಮತ್ತೆ ನೀಟಾಗಿ ಸುತ್ತಿತ್ತು.”

“ಹೌದಾ? ಕೋಪದಲ್ಲಿ ಬಂದವನು ಅಂಟುಪಟ್ಟಿ ಸುತ್ತಿಟ್ಟು ಹೋಗೋದಿಲ್ಲ. ಎಲ್ಲಿ, ಆ ಚಿತ್ರವನ್ನ ಓಡಿಸು.”

“ಶಬ್ದ ಇಲ್ಲದೇನೇ?”

“ನೀನಿದ್ದೀಯಲ್ಲ. ಯಾರು ಏನು ಹೇಳ್ತಾರೋ ನೀನೇ ಹೇಳ್ತಾ ಹೋಗು.”

ಪುಟ್ಟ ಪರದೆಯ ಮೇಲೆ ಚಿತ್ರ ಮೂಕವಾಗಿ ಓಡತೊಡಗಿತು. ತಿಂಗಳುಗಟ್ಟಲೆ ಅದನ್ನೇ ಹಿಂದೆ ಮುಂದೆ ಓಡಿಸಿ ಕತ್ತರಿಸಿದ ನೀಲ್‌ಗೆ ಒಂದೊಂದು ಮಾತೂ ಅದರ ಏರಿಳಿತದ ಸಮೇತ ಬಾಯಿಪಾಠವಾಗಿತ್ತು. ಕೌಂಟರಿನ ಹಿಂದೆ ಕ್ವಿಗ್ ನಗುತ್ತ, ಇನ್ನೂ ಮೀಸೆ ಬಾರದ ಹುಡುಗರ ಕೈಗೆ ಬಿಯರ್ ಲೋಟ ಕೊಡುತ್ತಿದ್ದ.

“‘ವಯಸ್ಸೆಷ್ಟು ಅಂತ ನಾನು ಕೇಳೋದಿಲ್ಲಪ್ಪ, ಅದು ಮರ್ಯಾದೆ ಅಲ್ಲ’ ಅಂತಾನೆ ಇಲ್ಲಿ.”

ಮುಂದೆ ಹೆದರ್ ಬೋಲ್. ಗಿಟಾರ್ ಹುಡುಗಿ, ಕಣ್ಣಿನ ಸುತ್ತ ಮಸಿ.

“‘ನಮ್ಮಪ್ಪ ಭಾನುವಾರ ಚರ್ಚಲ್ಲಿ ಒಳ್ಳೆಯವನು, ಮಿಕ್ಕ ಆರು ದಿನ ಪಕ್ಕದ ಬೀದಿಯೋರನ್ನ ಬೈಯೋದೇ ಕೆಲಸ.’”

ಆಮೇಲೆ ಡ್ರಮ್ ಬಾರಿಸುವ ಟ್ರೆವರ್ ಒರ್ಮ್ಸ್‌ಬಿ ಓಡುತ್ತ ಬಂದು ಕ್ಯಾಮೆರಾಕ್ಕೆ ಮೂಗು ತಾಗಿಸಿದ. ನೀಲ್ ಅವನ ಧಾಟಿಯಲ್ಲೇ ಕೂಗಿದ:

“‘ಹೇಚ್, ಐ, ಎನ್, ಜಿ, ಇ, ಎಸ್! ಹಿಂಜಸ್! ಬಾಗಿಲ ತಿರುಗಣಿ ನಾವು! ಒದ್ದು ನೋಡಿ!’ ಇದು ನನಗೆ ತುಂಬಾ ಇಷ್ಟದ ಜಾಗ, ಮಿಸೆಸ್ ರೇನಿ. ಇಡೀ ಸಿನಿಮಾದಲ್ಲಿ ಮನಸ್ಸು ಬಿಚ್ಚಿ ನಗೋದು ಇಲ್ಲೊಂದೇ ಕಡೆ.”

ನೋರಾ ಬಾಯಲ್ಲಿದ್ದ ಪೆಪ್ಪರ್‌ಮಿಂಟು ಚೀಪುವುದನ್ನು ನಿಲ್ಲಿಸಿದ್ದರು.

“ಇನ್ನೊಂದು ಸಲ ಹೇಳು.”

ನೀಲ್ ಮತ್ತೆ ಹೇಳಿದ.

“ಅವನು ಹೇಳಿದ್ದು ಹೀಗೇನಾ? ನೀನೇನೂ ಸೇರಿಸಿಲ್ಲ ತಾನೇ?”

“ಇಲ್ಲ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೀಗೇ ಹೇಳ್ತೀನಿ. ಯಾಕೆ?”

“ಸುಮ್ಮನೆ. ಮುಂದೆ?”

ಮುಂದಿನದು ಮಲಾಕಿಯ ಹಾಡು. ನೀಲ್ ಅದನ್ನು ಹಾಡಲು ಹೋಗಲಿಲ್ಲ. ಮೂಕವಾಗಿ ಬಾಯಿ ತೆರೆದು ಮುಚ್ಚುವ ಆ ಮುಖವನ್ನು ನೋಡಲಾರದೆ ಕಿಟಕಿಯತ್ತ ತಿರುಗಿದ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಕ್ವಿಗ್‌ನ ಪಬ್ಬಿಗೆ ಹೋದರು. ಬಾಂಬಿನ ಭಯಕ್ಕೆ ಬೀದಿಗೆ ಹಾಕಿದ್ದ ಕಬ್ಬಿಣದ ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು ನೋರಾರ ಚೀಲದಿಂದ ಒಂದು ಪೆಪ್ಪರ್‌ಮಿಂಟು ತೆಗೆದುಕೊಂಡೇ ಒಳಗೆ ಬಿಟ್ಟಳು.

ಕ್ವಿಗ್ ಲೋಟ ಒರೆಸುತ್ತಿದ್ದ.

“ನಾನಾ? ನಾನ್ಯಾಕೆ ಕದೀಲಿ?”

“ಹುಡುಗರಿಗೆ ಕುಡಿಸ್ತೀನಿ ಅಂತ ನೀವೇ ಹೇಳಿದ್ದೀರಿ ಅದರಲ್ಲಿ,” ಎಂದರು ನೋರಾ. “ಲೈಸೆನ್ಸು ಹೋಗಲ್ವಾ?”

“ಹೇಳಿದ್ದು ಹಾಗಿರಲಿ, ಕೊಟ್ಟದ್ದೂ ಚಿತ್ರದಲ್ಲಿದೆ! ಎರಡು ಸಲ ಕೊಟ್ಟಿದ್ದೀನಿ! ಕದಿಯೋದಾದ್ರೆ ಅದನ್ನ ಕದೀತಿದ್ದೆ. ನನ್ನ ಮಾತು ಹೋಗಿ ಮುಖ ಉಳಿದ್ರೆ ಏನು ಬಂತು, ತಾಯಿ?”

“ಸರಿಯಾಗಿ ಹೇಳಿದ್ರಿ,” ಎಂದು ನೋರಾ ಮಹಡಿ ಹತ್ತಿದರು.

ಮೇಲೆ ತಂಡ ಅಭ್ಯಾಸ ಮಾಡುತ್ತಿತ್ತು. ನೋರಾ ಒಬ್ಬೊಬ್ಬರನ್ನೇ ಕಿಟಕಿಯ ಬಳಿ ಕರೆದರು. ಮೊದಲು ಹೆದರ್.

“ಅಪ್ಪನನ್ನ ಬೈದಿದ್ದೀಯಲ್ಲ ಮಗಳೇ, ಭಯ ಆಯ್ತಾ?”

“ಭಯಾನಾ? ಅವರಿಗೆ ಕೇಳಿಸ್ಲಿ ಅಂತಲೇ ಹೇಳಿದ್ದು! ಶನಿವಾರ ಬರೋಕೆ ಹೇಳಿದ್ದೀನಿ, ಬರ‍್ತೀನಿ ಅಂದಿದ್ದಾರೆ. ಟೈ ಕಟ್ಕೊಂಡು ಬರ‍್ತಾರಂತೆ. ಈಗ ಶಬ್ದಾನೇ ಇಲ್ಲ ಅಂದ್ರೆ ನಾನು ಎದುರಿಗೆ ನಿಂತು ಹೇಳಬೇಕಾಗುತ್ತೆ. ಅದು ನನ್ನ ಕೈಲಾಗೋದಿಲ್ಲ.”

“ಮಂಗಳವಾರ ಸಿನಿಮಾ ನೋಡೋವಾಗ ಯಾರಾದ್ರೂ ಮುಖ ಗಂಟು ಹಾಕಿದ್ರಾ?”

“ಇಲ್ಲಪ್ಪ. ನಗುತಾನೇ ಇದ್ವಿ. ಟ್ರೆವರ್ ಅಕ್ಷರ ಕೂಗೋ ಕಡೆ ನಾನು ಕುರ್ಚಿಯಿಂದ ಬಿದ್ದೇಬಿಟ್ಟೆ.” ಹೆದರ್ ತಡೆದಳು. “ಮಲಾಕಿ ಒಬ್ಬ ನಗಲಿಲ್ಲ. ಅವನು ಹಾಗೇ ಬಿಡಿ, ತನ್ನ ಹಾಡು ಯಾವಾಗ ಬರುತ್ತೆ ಅಂತ ಕಾಯ್ತಿದ್ದ.”

ಮುಂದೆ ಟ್ರೆವರ್. ಹದಿನೆಂಟರ ಹುಡುಗ. ಕೋಲುಗಳಿಂದ ತೊಡೆಯ ಮೇಲೆ ತಾಳ ಹಾಕುತ್ತಲೇ ನಿಂತಿದ್ದ.

“ನಿಮ್ಮ ತಂಡದ ಹೆಸರು ನನಗೆ ಬರೆದುಕೊಳ್ಳೋಕೆ ಬರಲ್ಲಪ್ಪ. ಒಂದೊಂದೇ ಅಕ್ಷರ ಹೇಳ್ತೀಯಾ?”

“ಏಚ್, ಐ, ಎನ್, ಜಿ, ಇ, ಎಸ್. ತಿರುಗಣಿ ಅಂತ, ಅಷ್ಟೇ. ಆದ್ರೆ ಮೇಡಂ, ಕಳ್ಳನನ್ನ ಹುಡುಕೋದು ಆಮೇಲೆ, ಮೊದಲು ನನ್ನ ದೊಡ್ಡ ಡ್ರಮ್ಮಿಗೆ ಏನಾಗಿದೆ ಹೇಳಿ! ಬುಧವಾರದಿಂದ ಒದ್ದರೆ ಒದ್ದೆ ಮೂಟೆ ಒದ್ದ ಹಾಗಿದೆ.”

“ನಿನ್ನ ಕಾಲೇ ಒದ್ದೆ ಮೂಟೆ ಕಣೋ,” ಎಂದು ದೂರದಿಂದ ಮಲಾಕಿ ಕೂಗಿದ.

“ಸಿನಿಮಾ ನೋಡೋಕೆ ಮನೆಯಿಂದ ಯಾರು ಬರ‍್ತಾರೆ, ಟ್ರೆವರ್?”

“ಅಮ್ಮ. ಹೊಸ ಹ್ಯಾಟು ತಗೊಂಡಿದ್ದಾರೆ ಅದಕ್ಕೆ. ಟಿವಿಲಿ ಬಂದ್ರೆ ಬೀದಿಗೆ ಬೀದೀನೇ ನಮ್ಮ ಮನೇಲಿ ಕೂತು ನೋಡುತ್ತೆ.”

“ಅಮ್ಮ ಇದೇ ಊರಿನವರಾ?”

“ಅಲ್ಲ, ಗ್ಲಾಸ್ಗೋ.”

ಕೊನೆಗೆ ಮಲಾಕಿ. ತೆಳ್ಳಗಿನ ಹುಡುಗ. ತಾತನ ಕಾಲದ್ದೆಂದು ಕಾಣುವ ದೊಡ್ಡ ಕಪ್ಪು ಕೋಟು. ನೋರಾರನ್ನು ಬಿಟ್ಟು ನೀಲ್‌ನನ್ನೇ ನೋಡಿ ಮಾತಾಡಿದ.

“ಏನು ದೊರೆ, ನನ್ನ ಮೇಲೂ ಅನುಮಾನಾನಾ? ಹೋಗಿರೋದೇ ನನ್ನ ಹಾಡು.”

“ಅದಕ್ಕೇ ಕೇಳ್ತಿರೋದು,” ಎಂದರು ನೋರಾ. “ಸಂಕಟ ಆಗಲ್ವಾ?”

“ಆಗುತ್ತೆ. ಏನ್ಮಾಡೋದು? ಮತ್ತೆ ಹಾಡ್ತೀನಿ. ಇವತ್ತೇ. ಎರಡನೇ ಸುರುಳಿ ಪೂರ್ತಿ ಹೊಸದಾಗಿ ಶಬ್ದ ಕೂರಿಸಿಬಿಡೋಣ, ಎಲ್ಲರೂ ಅವರವರ ಮಾತು ಮತ್ತೆ ಹೇಳ್ಲಿ. ಸ್ವಲ್ಪ ಬೇರೆ ಥರ ಹೇಳಿದ್ರೂ ನಡಿಯುತ್ತೆ. ಅಲ್ವಾ ನೀಲ್?”

“ಆವತ್ತು ಹಾಡಿದ ಹಾಗೆ ಇವತ್ತು ಹಾಡೋಕಾಗುತ್ತಾ ನಿನಗೆ?” ಎಂದ ನೀಲ್.

ಮಲಾಕಿ ಕೋಟಿನ ಕಾಲರನ್ನು ಮೇಲೆಳೆದುಕೊಂಡ.

“ಊಟ ಆದಮೇಲೆ ನೀಲ್‌ನ ಕೋಣೆಗೆ ಬಾಪ್ಪಾ,” ಎಂದರು ನೋರಾ. “ಒಬ್ಬನೇ ಬಾ.”

ಹೊರಗೆ ಬಂದ ಮೇಲೆ ನೀಲ್‌ಗೆ ತಡೆಯಲಾಗಲಿಲ್ಲ.

“ಯಾರು ಅಂತ ಗೊತ್ತಾಯ್ತಾ?”

“ಆಯ್ತು. ಯಾಕೆ ಅಂತ ಮೊದಲೇ ಗೊತ್ತಾಗಿತ್ತು, ಯಾರು ಅಂತ ಈಗ ಆಯ್ತು.”

“ಹಾಗಾದ್ರೆ ಎಲ್ಲರನ್ನೂ ಕರೆದು…”

“ಎಲ್ಲರನ್ನೂ ಕರೆದು ಹೇಳೋ ವಿಷಯ ಅಲ್ಲ ಇದು.”

ಮಧ್ಯಾಹ್ನ ಮಲಾಕಿ ಬಂದಾಗ ನೋರಾ ಅವನಿಗೊಂದು ಕುರ್ಚಿ ತೋರಿಸಿದರು, ಟೀ ಕೊಟ್ಟರು, ಆಮೇಲೆ ಹವಾಮಾನ ವಿಚಾರಿಸುವವರ ಹಾಗೆ ಕೇಳಿದರು:

“ಟ್ರೆವರ್‌ನ ದೊಡ್ಡ ಡ್ರಮ್ಮಿನೊಳಗೆ ಸದ್ದು ತಗ್ಗಿಸೋಕೆ ಕಂಬಳಿ ಇಟ್ಟಿರ‍್ತಾನಲ್ಲ, ಅದರ ಜೊತೆಗೆ ನೀನಿಟ್ಟಿರೋದನ್ನ ಯಾವಾಗ ತರ‍್ತೀಯಾ?”

ಬಾಯಿಗೊಯ್ದಿದ್ದ ಬಟ್ಟಲು ಮತ್ತೆ ತಟ್ಟೆಗಿಳಿಯಿತು. ಮಲಾಕಿಯ ಮುಖ ಬಿಳಿಚಿತ್ತು.

“ಇವನಾ?” ನೀಲ್ ಎದ್ದು ನಿಂತ. “ತನ್ನ ಹಾಡನ್ನ ತಾನೇ? ಯಾಕೋ? ಒಂದು ವರ್ಷ ಕಣೋ! ನನ್ನ ಒಂದು ವರ್ಷ!”

“ಕೂತ್ಕೋ ನೀಲ್,” ಎಂದರು ನೋರಾ. “ನೀನು ತಪ್ಪು ಕಡೆ ನೋಡಿದೆ. ನಾನೂ ಮೊದಲು ಹಾಗೇ ನೋಡಿದೆ. ಸಿನಿಮಾ ಕಳುವಾದರೆ ಯಾರ ಮುಖ ಮುಚ್ಚೋಕೆ ಅಂತ ಕೇಳ್ತೀವಿ. ಆದ್ರೆ ಇಲ್ಲಿ ಮುಖ ಎಲ್ಲಾ ಉಳಿದಿದೆ. ಮುಚ್ಚಬೇಕಾಗಿದ್ದದ್ದು ಕಿವಿಗೆ ಬೀಳೋದು. ಏನದು? ಕ್ವಿಗ್‌ನ ಮಾತಾ? ಅವನ ಗುಟ್ಟು ಚಿತ್ರದಲ್ಲೇ ಇದೆ. ಹೆದರ್‌ದಾ? ಅವಳಿಗೆ ಅದು ಕೇಳಿಸಬೇಕು. ಹಾಡಾ? ಅದರಲ್ಲಿ ಮುಚ್ಚೋಕೆ ಏನಿದೆ? ಇನ್ನು ಉಳಿದದ್ದು?”

“ಟ್ರೆವರ್ ಅಕ್ಷರ ಹೇಳಿದ್ದು. ಆದ್ರೆ ಅದರಲ್ಲೇನಿದೆ? ತಂಡದ ಹೆಸರು!”

“ಮೊದಲನೇ ಅಕ್ಷರ ಹೇಳು.”

“ಹೇಚ್.”

“ಬೆಳಿಗ್ಗೆ ನನ್ನೆದುರಿಗೆ ಅವನು ಏನಂದ?”

ನೀಲ್ ನೆನಪಿಸಿಕೊಂಡ. “ಏಚ್ ಅಂದ. ಅದೇ ತಾನೇ? ಎರಡೂ ಒಂದೇ ಅಲ್ವಾ?”

“ನಿಮ್ಮ ಲೀಡ್ಸಿನಲ್ಲಿ ಒಂದೇ ಇರಬಹುದಪ್ಪ. ಈ ಊರಲ್ಲಿ ಅಲ್ಲ. ಇಲ್ಲಿ ಪ್ರಾಟೆಸ್ಟೆಂಟ್ ಮನೆ ಮಕ್ಕಳು ಏಚ್ ಅಂತಾರೆ. ಕ್ಯಾಥೊಲಿಕ್ ಮನೆಯೋರು ಹೇಚ್ ಅಂತಾರೆ. ಸಂದಿಯಲ್ಲಿ ಹಿಡಿದು ನಿಲ್ಲಿಸಿ, ‘ಎಲ್ಲಿ, ಈ ಅಕ್ಷರ ಹೇಳು’ ಅಂತ ಕೇಳಿ, ಅದರ ಮೇಲೆ ಹೊಡೆದದ್ದಿದೆ. ಒಂದು ಅಕ್ಷರಕ್ಕೆ ಹಲ್ಲು ಕಳೆದುಕೊಂಡವರು ನನಗೇ ಗೊತ್ತು.”

“ಆದ್ರೆ ಟ್ರೆವರ್ ಒರ್ಮ್ಸ್‌ಬಿ ಪ್ರಾಟೆಸ್ಟೆಂಟ್! ಅವರಪ್ಪ, ಅವರ ಬೀದಿ…”

“ಸ್ಕೂಲಲ್ಲಿ ಕಲಿತದ್ದು ಏಚ್. ಯೋಚನೆ ಮಾಡಿ ಹೇಳಿದ್ರೆ ಅದು ಬರುತ್ತೆ. ಖುಷಿಯಲ್ಲಿ ಬಾಯಿಗೆ ಬಂದದ್ದು ಹೇಚ್. ಅದು ಸ್ಕೂಲಿಗೂ ಮೊದಲು ಕಲಿತದ್ದು. ಮೊದಲ ಅಕ್ಷರ ಮಕ್ಕಳಿಗೆ ಯಾರು ಕಲಿಸ್ತಾರೆ?”

ನೀಲ್ ಮೆಲ್ಲಗೆ ಕುಳಿತ.

“ಅಮ್ಮ ಕ್ಯಾಥೊಲಿಕ್ಕಾ? ಗ್ಲಾಸ್ಗೋ ಅಲ್ಲವಾ ಹಾಗಾದ್ರೆ?”

“ಇರಬಹುದು, ಇಲ್ಲದೆಯೂ ಇರಬಹುದು. ಅದು ನಮ್ಮ ಕೆಲಸ ಅಲ್ಲ. ಹೆದರ್‌ಗೂ ಅದು ಕಿವಿಗೆ ಬಿತ್ತು, ಆದ್ರೆ ಅವಳು ಟ್ರೆವರ್ ಕ್ಯಾಥೊಲಿಕ್ ಮಲಾಕಿಯನ್ನ ಅಣಕಿಸ್ತಿದ್ದಾನೆ ಅಂದ್ಕೊಂಡು ನಕ್ಕಿರಬೇಕು. ನಗದೇ ಇದ್ದವನು ಒಬ್ಬ. ಹಾಡು ಹೋಯ್ತು ಅಂತ ಕೂಗಾಡಬೇಕಾದವನು ‘ಎಲ್ಲರೂ ಅವರವರ ಮಾತು ಮತ್ತೆ ಹೇಳ್ಲಿ’ ಅಂತ ಆತುರ ಪಟ್ಟವನೂ ಅವನೇ. ಜೊತೆಗೆ ಬುಧವಾರದಿಂದ ಮಂದವಾದ ಡ್ರಮ್ಮು.” ನೋರಾ ಮಲಾಕಿಯ ಕಡೆ ತಿರುಗಿದರು. “ನಾನು ತಪ್ಪಿದ್ದರೆ ಹೇಳಪ್ಪಾ.”

ಮಲಾಕಿ ಟೀ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಟ್ರೆವರ್ ಮನೇಲಿ ನನ್ನ ಹೆಸರು ಮಾರ್ಕ್,” ಎಂದ. “ಮಲಾಕಿ ಅಂತ ಕ್ಯಾಥೊಲಿಕ್ ಹೆಸರಿಟ್ಕೊಂಡು ಆ ಬೀದಿಗೆ ಹೋಗೋಕಾಗುತ್ತಾ? ಟ್ರೆವರೇ ಹಾಗೆ ಕರ‍್ಕೊಂಡು ಹೋದ. ಅವನ ತಂಗಿ ಪುಟ್ಟವಳು, ಅಡುಗೆಮನೆ ಮೇಜಲ್ಲಿ ಅಕ್ಷರ ಬರೀತಿದ್ಲು. ಅವರಮ್ಮ ಒಲೆ ಕಡೆ ತಿರುಗಿಕೊಂಡೇ ಹೇಳ್ಕೊಡ್ತಿದ್ರು. ಹೇಚ್ ಅಂದ್ರು. ಅಂದಮೇಲೆ ತಿರುಗಿ ನನ್ನ ನೋಡಿದ್ರು. ನಾನು ಅವರನ್ನ ನೋಡ್ದೆ.”

“ಏನಾದ್ರೂ ಹೇಳಿದ್ರಾ?”

“ಇಲ್ಲ. ನನ್ನ ತಟ್ಟೆಗೆ ಇನ್ನೊಂದು ಆಲೂ ಬ್ರೆಡ್ ಹಾಕಿದ್ರು. ಅಷ್ಟೇ. ಆಮೇಲೆ ಯಾವಾಗ ಹೋದ್ರೂ ಎರಡು.” ಅವನು ಮೂಗೊರೆಸಿಕೊಂಡ. “ಟ್ರೆವರ್‌ಗೆ ಏನೂ ಗೊತ್ತಿಲ್ಲ. ಹೋದ ವರ್ಷ ಅವರ ಪಕ್ಕದ ಬೀದೀಲಿ ಹೀಗೇ ಒಬ್ಬರು ಕ್ಯಾಥೊಲಿಕ್, ಒಬ್ಬರು ಪ್ರಾಟೆಸ್ಟೆಂಟ್ ಮದುವೆ ಆಗಿದ್ದವರ ಮನೆಗೆ ಬೆಂಕಿ ಇಟ್ರು. ಈಗ ಇದು ಟಿವಿಲಿ ಬರುತ್ತೆ, ಬೀದಿಗೆ ಬೀದೀನೇ ಅವರ ಮನೇಲೇ ಕೂತು ನೋಡುತ್ತೆ.”

“ನನಗೆ ಹೇಳಬಾರದಾಗಿತ್ತಾ?” ಎಂದ ನೀಲ್.

ಮಲಾಕಿಯ ದನಿ ಮೊದಲ ಬಾರಿಗೆ ಬಿಸಿಯಾಯಿತು.

“ಹೇಳಿದ್ನಲ್ಲ ದೊರೆ! ಮಂಗಳವಾರ ಎಲ್ಲರೂ ಹೋದಮೇಲೆ ನಿಂತು ಹೇಳ್ದೆ. ‘ಆ ಅಕ್ಷರ ಕೂಗೋದು ಬೇಜಾರು, ಕತ್ತರಿಸಿಬಿಡು’ ಅಂದೆ. ನೀನು ನಕ್ಕು, ‘ಹಾಡೋನು ಹಾಡು ನೋಡ್ಕೋ, ಕತ್ತರಿ ನಾನು ನೋಡ್ಕೋತೀನಿ’ ಅಂದೆ. ಕಾರಣ ಹೇಳ್ದೆ ನಿನ್ನ ಒಪ್ಪಿಸೋದು ಹೇಗೆ? ಕಾರಣ ಹೇಳಿದ್ರೆ ಇನ್ನೊಬ್ಬನಿಗೆ ಹೇಳಿದ ಹಾಗಾಯ್ತು. ನೀನು ಒಳ್ಳೆಯವನೇ. ಆದ್ರೆ ನೀನು ಎಲ್ಲಾನೂ ತೋರಿಸೋ ಮನುಷ್ಯ.”

ನೀಲ್‌ಗೆ ಆ ಸಂಜೆ ನೆನಪಿತ್ತು. ನಕ್ಕದ್ದೂ ನೆನಪಿತ್ತು. ಒಂದು ವರ್ಷ ಈ ಹುಡುಗರ ಒಂದೊಂದು ಮಾತನ್ನೂ ಕಿವಿಯಲ್ಲಿ ತುಂಬಿಕೊಂಡಿದ್ದ. ಆದರೂ ಒಂದು ಅಕ್ಷರದಲ್ಲಿ ಒಂದು ಮನೆಯೇ ಕೂತಿದೆಯೆಂದು ಅವನಿಗೆ ಕೇಳಿಸಿರಲಿಲ್ಲ.

“ಸುಟ್ಟುಹಾಕಬಹುದಾಗಿತ್ತಲ್ಲ?” ನೋರಾ ಕೇಳಿದರು. “ಯಾಕೆ ಇಟ್ಟುಕೊಂಡೆ?”

“ಆಗಲಿಲ್ಲ, ಮೇಡಂ.” ಮಲಾಕಿ ತಲೆ ಎತ್ತಲಿಲ್ಲ. “ಹಾಡು ಚೆನ್ನಾಗಿ ಬಂದಿತ್ತು.”

ಸಂಜೆಯೊಳಗೆ ಟೇಪು ಕೋಟಿನೊಳಗೆ ಅವಿತು ಬಂತು. ನೀಲ್ ಅದನ್ನು ಯಂತ್ರಕ್ಕೆ ಹಾಕಿ, ಹಿಂದೆ ಮುಂದೆ ಎಳೆದು, ಆ ಒಂದು ಅಕ್ಷರ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆಂದು ಗುರುತು ಮಾಡಿದ. ಬೆರಳಷ್ಟುದ್ದದ ಟೇಪು. ಕತ್ತರಿಸಿದ. ಆ ಜಾಗಕ್ಕೆ ಅದೇ ಸುರುಳಿಯ ಕೊನೆಯಿಂದ ಟ್ರೆವರ್‌ನದೇ ಒಂದು ಡ್ರಮ್ ಏಟನ್ನು ತಂದು ಅಂಟಿಸಿದ. ಮಲಾಕಿ ಪಕ್ಕದಲ್ಲೇ ನಿಂತು ನೋಡಿದ.

ನೋರಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನೀಲ್‌ಗೆ ತಟ್ಟನೆ ಒಂದು ಪ್ರಶ್ನೆ ಬಾಯಿತುದಿಗೆ ಬಂತು: ಮಿಸೆಸ್ ರೇನಿ, ನೀವು ಹೇಗೆ ಹೇಳ್ತೀರಿ ಆ ಅಕ್ಷರಾನ? ಎರಡು ವರ್ಷದಲ್ಲಿ ಅವನಿಗೆ ಅವರು ಯಾವ ಕಡೆಯವರೆಂದೇ ಗೊತ್ತಿರಲಿಲ್ಲ. ಕೇಳದೆ, ಅವರಿಗಾಗಿ ಬಾಗಿಲು ತೆರೆದು ಹಿಡಿದ.

ಶನಿವಾರ ಮಧ್ಯಾಹ್ನ ಕ್ವಿಗ್‌ನ ಮಹಡಿ ತುಂಬಿತ್ತು. ಟೇಪು ಅಕಸ್ಮಾತ್ ಬೇರೆ ಡಬ್ಬಿಯಲ್ಲಿ ಸಿಕ್ಕಿತೆಂದು ನೀಲ್ ಎಲ್ಲರಿಗೂ ಹೇಳಿದ್ದ. ಕ್ವಿಗ್ ಅವನನ್ನು ಮಂಕುದಿಣ್ಣೆ ಎಂದು ಬೈದು ಸುಮ್ಮನಾಗಿದ್ದ. ಟೈ ಕಟ್ಟಿಕೊಂಡ ಹೆದರ್‌ಳ ಅಪ್ಪ ಕೊನೆಯ ಕುರ್ಚಿಯಲ್ಲಿ ಸೆಟೆದು ಕೂತಿದ್ದರು. ಲಂಡನ್ನಿನವನು ಮುಂದೆ. ನಡುವಿನ ಸಾಲಿನಲ್ಲಿ ಹೊಸ ನೀಲಿ ಹ್ಯಾಟಿನ ಮಿಸೆಸ್ ಒರ್ಮ್ಸ್‌ಬಿ.

ನೀಲ್ ಪರದೆ ನೋಡಲಿಲ್ಲ, ಅವರನ್ನೇ ನೋಡುತ್ತಿದ್ದ.

ಎರಡನೇ ಸುರುಳಿ. ಕ್ವಿಗ್, ಹೆದರ್. ಹಿಂದಿನ ಕುರ್ಚಿಯಿಂದ ಒಂದು ಕೆಮ್ಮು. ಆಮೇಲೆ ಟ್ರೆವರ್ ಪರದೆಯ ಮೇಲೆ ಓಡಿ ಬಂದ. ಮಗ ಕ್ಯಾಮೆರಾಕ್ಕೆ ಮೂಗು ತಾಗಿಸಿ ತಂಡದ ಹೆಸರು ಕೂಗಲು ಬಾಯಿ ತೆರೆಯುತ್ತಲೇ ಆ ತಾಯಿಯ ಬೆನ್ನು ನೆಟ್ಟಗಾಯಿತು. ಎರಡೂ ಕೈ ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಹಿಡಿದವು.

ಢಂ! “ಐ, ಎನ್, ಜಿ, ಇ, ಎಸ್!”

ಸಭೆ ಗೊಳ್ಳೆಂದಿತು. “ಲೇ, ನನ್ನ ಅಕ್ಷರ ಎಲ್ಲೋ?” ಎಂದು ಟ್ರೆವರ್ ಕತ್ತಲಲ್ಲಿ ಕೂಗಿದ. “ಡ್ರಮ್ ಬಾರಿಸೋನಿಗೆ ಅಕ್ಷರ ಯಾಕೋ, ಕೋಲು ಸಾಕು!” ಎಂದಿತು ಮಲಾಕಿಯ ದನಿ. ಮತ್ತೆ ನಗು.

ಮಿಸೆಸ್ ಒರ್ಮ್ಸ್‌ಬಿ ನಗಲಿಲ್ಲ. ಕುರ್ಚಿಯನ್ನು ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಟ್ಟರು. ನಂತರ ನಿಧಾನವಾಗಿ ತಿರುಗಿ, ಪರದೆಯಿಂದ ಚೆಲ್ಲಿದ ಬೆಳಕಿನಲ್ಲಿ, ನಗುತ್ತಿದ್ದ ಮುಖಗಳನ್ನು ಸಾಲು ಸಾಲಾಗಿ ನೋಡುತ್ತ ಬಂದರು. ಯಾರಿಗೆ ಗೊತ್ತು? ಯಾರು?

ಗೋಡೆಗೊರಗಿ ನಿಂತಿದ್ದ ಮಲಾಕಿಯ ಮೇಲೆ ಅವರ ಕಣ್ಣು ನಿಂತಿತು. ಅವನು ಅತ್ತ ತಿರುಗಲಿಲ್ಲ. ಪರದೆಯ ಮೇಲೆ ಅವನ ಹಾಡು ಆಗಷ್ಟೇ ಶುರುವಾಗಿತ್ತು. ಮೊದಲ ಸಲ ಕೇಳುತ್ತಿರುವವನ ಹಾಗೆ ಅದನ್ನೇ ಕೇಳುತ್ತ ನಿಂತಿದ್ದ.